ಅವಧಿ ಮುಗಿದ ವಿಮಾನ ಸಂಖ್ಯೆಯನ್ನು ಮರಳಿ ಪಡೆಯುವ ಬಗೆ

ಕರಾವಳಿಯ ಕುಟುಂಬವೊಂದು ಆಸ್ತಿಯ ಪಟ್ಟಿ ಮಾಡಲು ಕುಳಿತರೆ ತೋಟ, ಗದ್ದೆ, ಹಂಚಿನ ಮನೆ, ಬ್ಯಾಂಕಿನ ಠೇವಣಿ ಎಲ್ಲವೂ ಬರುತ್ತವೆ. ವಿಮಾನ ಬರುವುದು ತೀರ ಅಪರೂಪ. ನಮ್ಮ ಪಟ್ಟಿಯಲ್ಲಿ ಅದಿದೆ. ನನ್ನ ಸೋದರಮಾವ ಮಂಗಳೂರಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದವರು. ಒಹಾಯೊ ರಾಜ್ಯದಲ್ಲಿ ನೆಲೆಸಿ, ಅಲ್ಲಿಯೇ ಹಾರಾಟ ಕಲಿತು, 1946ರಲ್ಲಿ ತಯಾರಾದ ಏರೋಂಕಾ ಚಾಂಪಿಯನ್ ಎಂಬ ಎರಡು ಆಸನಗಳ ಪುಟ್ಟ ವಿಮಾನವನ್ನು ಕೊಂಡರು. ಅವರು ತೀರಿಕೊಂಡ ಮೇಲೆ ವಿಮಾನ ಶೆಡ್ಡಿನಲ್ಲಿಯೇ ಉಳಿಯಿತು. ಈಗ ಅವರ ಮಗಳು ಅದನ್ನು ಮತ್ತೆ ಆಕಾಶಕ್ಕೇರಿಸಲು ಹೊರಟಿದ್ದಾಳೆ. ದಾಖಲೆ ತೆಗೆದು ನೋಡಿದರೆ ನೋಂದಣಿ ರದ್ದಾಗಿದೆ. ಉಡುಪಿಯ ಮನೆಯಲ್ಲಿ ಎಲ್ಲರೂ ಕೇಳುತ್ತಿರುವುದು ಒಂದೇ ಮಾತು: ವಿಮಾನದ ಮೈಮೇಲೆ ಬರೆದಿದ್ದ ಅದೇ ನೋಂದಣಿ ನಂಬರ್ ಮತ್ತೆ ಸಿಗುತ್ತದೆಯೇ?

ಸಿಗಬಹುದು. ಆದರೆ ಸಂಖ್ಯೆಯನ್ನು ಕೇಳುವುದಕ್ಕೆ ಮೊದಲು ವಿಮಾನ ಯಾರದು ಎಂಬುದನ್ನು ಕಾಗದದ ಮೇಲೆ ಸಾಬೀತು ಮಾಡಬೇಕು. ಬಹಳಷ್ಟು ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ಸಂಖ್ಯೆಯ ಬೆನ್ನು ಹತ್ತಿ ಹೋಗಿ, ಮಾಲಕತ್ವದ ದಾಖಲೆಗಳ ಬಳಿ ಬಂದಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಅಮೆರಿಕದಲ್ಲಿ ಬಂಧುಗಳಿರುವ ನಮ್ಮೂರಿನ ಬೇರೆ ಮನೆಗಳಿಗೂ ಉಪಯೋಗವಾಗಲಿ ಎಂದು ಈ ವ್ಯವಸ್ಥೆ ನಡೆಯುವ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಇಳಿಯುವ ಭಾರತೀಯ ವಿಮಾನಗಳ ಹಿಂಭಾಗವನ್ನು ಗಮನಿಸಿದರೆ ‘ವಿಟಿ’ ಎಂದು ಆರಂಭವಾಗುವ ಐದು ಅಕ್ಷರಗಳು ಕಾಣುತ್ತವೆ. ಮೊದಲ ಎರಡು ದೇಶದ ಗುರುತು, ಉಳಿದ ಮೂರು ಆ ವಿಮಾನದ ಗುರುತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಬೊಂಬಾಯಿಗೆ ಅಂಚೆ ತಂದ ಪುಸ್ ಮಾತ್ ವಿಮಾನದ ಮೇಲೆ ‘ವಿಟಿ-ಎಡಿಎನ್’ ಎಂದು ಬರೆದಿತ್ತು. ಅಮೆರಿಕದ ಗುರುತು ‘ಎನ್’ ಎಂಬ ಒಂದೇ ಅಕ್ಷರ. ಅದರ ಮುಂದೆ ಹೆಚ್ಚೆಂದರೆ ಐದು ಸ್ಥಾನಗಳು: ಐದೂ ಅಂಕಿಗಳಿರಬಹುದು, ನಾಲ್ಕು ಅಂಕಿ ಒಂದು ಅಕ್ಷರ ಇರಬಹುದು, ಇಲ್ಲವೇ ಮೂರು ಅಂಕಿ ಎರಡು ಅಕ್ಷರ ಇರಬಹುದು. ಮೊದಲ ಅಂಕಿ ಸೊನ್ನೆಯಾಗುವಂತಿಲ್ಲ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗುತ್ತದೆ ಎಂಬ ಕಾರಣಕ್ಕೆ ‘ಐ’ ಮತ್ತು ‘ಒ’ ಅಕ್ಷರಗಳನ್ನು ಬಳಸುವುದಿಲ್ಲ. 1944ರ ಶಿಕಾಗೊ ಒಪ್ಪಂದದ ಪ್ರಕಾರ ವಿಮಾನವು ನೋಂದಣಿಯಾದ ದೇಶದ ರಾಷ್ಟ್ರೀಯತೆಯನ್ನು ಪಡೆಯುತ್ತದೆ. ಒಂದೇ ಕಾಲಕ್ಕೆ ಎರಡು ದೇಶಗಳಲ್ಲಿ ನೋಂದಣಿಯಾಗುವಂತಿಲ್ಲ.

ಇಷ್ಟಾದರೂ ಈ ಸಂಖ್ಯೆ ವಿಮಾನದ ಮೂಲ ಗುರುತಲ್ಲ. ಮೂಲ ಗುರುತು ಇರುವುದು ಕಾರ್ಖಾನೆ ಜೋಡಿಸಿದ ಸಣ್ಣ ಲೋಹದ ಫಲಕದಲ್ಲಿ. ತಯಾರಕರ ಹೆಸರು, ಮಾದರಿ ಮತ್ತು ಕ್ರಮಸಂಖ್ಯೆಯನ್ನು ಅದರಲ್ಲಿ ಒತ್ತಿರುತ್ತಾರೆ. ಅದು ಬೆಂಕಿಗೆ ಜಗ್ಗದಂತಿರಬೇಕು ಎಂಬುದು ನಿಯಮ. ಅದನ್ನು ಕೀಳುವುದು, ತಿದ್ದುವುದು ನಿಷಿದ್ಧ. ಎನ್-ಸಂಖ್ಯೆ ಬದಲಾಗಬಹುದು, ಬೇರೆ ವಿಮಾನಕ್ಕೆ ಹೋಗಬಹುದು, ಮರಳಿ ಬರಬಹುದು. ಫಲಕದ ಕ್ರಮಸಂಖ್ಯೆ ಮಾತ್ರ ಕೊನೆಯವರೆಗೂ ಅದೇ. ಮಾವನ ಮಗಳಿಗೆ ನಾನು ಮೊದಲು ಹೇಳಿದ್ದು ಇದನ್ನೇ: ಒಂದು ಟಾರ್ಚ್ ಹಿಡಿದು ಆ ಫಲಕವನ್ನು ಹುಡುಕು, ಸೋಪುನೀರಿನ ಬಟ್ಟೆಯಲ್ಲಿ ಮೆಲ್ಲನೆ ಒರೆಸು, ಸ್ಪಷ್ಟ ಫೋಟೊ ತೆಗೆ, ಲೋಹ ಉಜ್ಜುವ ಕಾಗದವನ್ನು ಅದರ ಹತ್ತಿರಕ್ಕೂ ತರಬೇಡ. ಮುಂದೆ ಯಾವ ಅರ್ಜಿ ತುಂಬಿದರೂ ಆ ಕ್ರಮಸಂಖ್ಯೆ ಕಡತದಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು.

ಇನ್ನು, ನೋಂದಣಿ ತಪ್ಪಿಹೋಗುವುದಾದರೂ ಹೇಗೆ? ಹಿಂದೆ ಅಮೆರಿಕದಲ್ಲಿ ವಿಮಾನವನ್ನು ಒಮ್ಮೆ ನೋಂದಾಯಿಸಿದರೆ ಅದಕ್ಕೆ ಮುಕ್ತಾಯದ ದಿನಾಂಕವೇ ಇರಲಿಲ್ಲ. ಹೀಗಾಗಿ ಗುಜರಿಗೆ ಹೋದ, ಕೈ ಬದಲಾದ, ಮಾಲಕರು ತೀರಿಹೋದ ವಿಮಾನಗಳೆಲ್ಲ ಪಟ್ಟಿಯಲ್ಲಿಯೇ ಉಳಿದವು. ಅಲ್ಲಿನ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಎ, 2010ರ ಅಕ್ಟೋಬರ್ 1ರಿಂದ ಹೊಸ ನಿಯಮ ತಂದಿತು. ಹಳೆಯ ವಿಮಾನಗಳೆಲ್ಲ 2013ರ ಕೊನೆಯೊಳಗೆ ಮರುನೋಂದಣಿಯಾಗಬೇಕು, ಆ ಬಳಿಕ ಮೂರು ವರ್ಷಕ್ಕೊಮ್ಮೆ ನವೀಕರಣ ಮಾಡಬೇಕು ಎಂದಾಯಿತು. 2023ರ ಜನವರಿ 23ರಿಂದ ಆ ಅವಧಿ ಏಳು ವರ್ಷವಾಗಿದೆ. ಆ ದಿನ ಊರ್ಜಿತವಾಗಿದ್ದ ಪ್ರಮಾಣಪತ್ರಗಳ ಅವಧಿ ತಾನಾಗಿ ವಿಸ್ತರಣೆಯಾಯಿತು. ಆದ್ದರಿಂದ ಕೈಯಲ್ಲಿರುವ ಹಳೆಯ ಕಾಗದದಲ್ಲಿ ಮುಗಿದ ದಿನಾಂಕ ಕಂಡ ಕೂಡಲೇ ಎದೆಗುಂದಬೇಕಾಗಿಲ್ಲ. ಎಫ್‌ಎಎಯ ಸಾರ್ವಜನಿಕ ನೋಂದಣಿ ಪಟ್ಟಿಯಲ್ಲಿ ಸಂಖ್ಯೆಯನ್ನು ಹಾಕಿ ನೋಡಿದರೆ ಈಗಿನ ಸ್ಥಿತಿ ತಿಳಿಯುತ್ತದೆ. ಅದಕ್ಕೆ ಉಡುಪಿಯಲ್ಲಿ ಕುಳಿತ ನಮಗೂ ಅಡ್ಡಿಯಿಲ್ಲ.

ನವೀಕರಣದ ಸೂಚನೆ ಕಡತದಲ್ಲಿರುವ ಅಂಚೆ ವಿಳಾಸಕ್ಕೆ ಹೋಗುತ್ತದೆ. ವಿಳಾಸ ಬದಲಾದರೆ 30 ದಿನಗಳೊಳಗೆ ತಿಳಿಸುವುದು ಮಾಲಕರ ಹೊಣೆ. ವಯಸ್ಸಾದವರು ಮನೆ ಮಾರಿ ಮಕ್ಕಳ ಊರಿಗೆ ಹೋದಾಗ ತಪ್ಪುವುದು ಇಲ್ಲಿಯೇ. ಇದಕ್ಕಿಂತಲೂ ಮುಖ್ಯವಾದ, ಕುಟುಂಬಗಳಿಗೆ ಸಾಮಾನ್ಯವಾಗಿ ಗೊತ್ತೇ ಇರದ ನಿಯಮ ಇನ್ನೊಂದಿದೆ. ಪ್ರಮಾಣಪತ್ರ ಪಡೆದವರು ತೀರಿಕೊಂಡು 30 ದಿನ ಕಳೆದರೆ ಅದು ಊರ್ಜಿತವಲ್ಲ. ಕಾಗದದಲ್ಲಿ ಇನ್ನೂ ಐದು ವರ್ಷ ಬಾಕಿ ಎಂದು ಅಚ್ಚಾಗಿದ್ದರೂ ಅಷ್ಟೇ. ಅಪ್ಪನ ಹೆಸರಿನ ನೋಂದಣಿಯಲ್ಲಿ ಮಗ ವಿಮಾನ ಹಾರಿಸುತ್ತಿದ್ದರೆ ಅದು ನೋಂದಣಿಯಿಲ್ಲದ ಹಾರಾಟ. ವಿಮೆಯ ರಕ್ಷಣೆಗೂ ಅದರಿಂದ ಕುತ್ತು ಬರಬಹುದು.

ಈಗ ಮಾಲಕತ್ವದ ವಿಷಯಕ್ಕೆ ಬರೋಣ. ಒಟ್ಟು ಕೆಲಸದ ತಿರುಳು ಇರುವುದೇ ಇಲ್ಲಿ. ನೋಂದಣಿ ಪ್ರಮಾಣಪತ್ರ ವಿಮಾನದ ರಾಷ್ಟ್ರೀಯತೆಗೆ ಸಾಕ್ಷಿ, ಮಾಲಕತ್ವಕ್ಕಲ್ಲ ಎಂದು ಅಮೆರಿಕದ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಾಗದ ಹಕ್ಕು ಸಿದ್ಧವಾಗುವುದಿಲ್ಲ, ಮೂಲ ಕ್ರಯಪತ್ರ, ವಿಭಾಗಪತ್ರಗಳನ್ನು ತೋರಿಸಬೇಕಾಗುತ್ತದಲ್ಲ, ಇದೂ ಹಾಗೆಯೇ. ಕೊನೆಯ ನೋಂದಾಯಿತ ಮಾಲಕರಿಂದ ಈಗ ಅರ್ಜಿ ಹಾಕುವವರ ತನಕ ಪ್ರತಿಯೊಂದು ಕೈಬದಲಾವಣೆಗೂ ಕಾಗದ ಬೇಕು. ಮಾರಾಟವಾಗಿದ್ದರೆ ಮಾರಾಟಪತ್ರ; ಅದಕ್ಕೆ ಎಫ್‌ಎಎಯ 8050-2 ಎಂಬ ನಮೂನೆಯಿದೆ. ನಡುವಿನ ಒಬ್ಬರು ನೋಂದಾಯಿಸದೆ ಹಾಗೆಯೇ ಇನ್ನೊಬ್ಬರಿಗೆ ಮಾರಿದ್ದರೆ ಅಲ್ಲಿ ಕೊಂಡಿ ಕಳಚಿರುತ್ತದೆ. ಮಾರಿದವರನ್ನು ಹುಡುಕಿ ಸಹಿ ಹಾಕಿಸಬೇಕು. ಅವರು ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂಬುದನ್ನು ಪ್ರಮಾಣಪೂರ್ವಕವಾಗಿ ಬರೆದು, ಇರುವ ಬೇರೆ ಪುರಾವೆಗಳನ್ನು ಕೊಡಬೇಕು. ಅದೂ ಸಾಲದಿದ್ದರೆ ನ್ಯಾಯಾಲಯವೇ ಗತಿ.

ಈ ದಾಖಲೆಗಳೆಲ್ಲ ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ನೋಂದಣಿ ಕಚೇರಿಯಲ್ಲಿವೆ. ಯಾವುದೇ ವಿಮಾನದ ಪೂರ್ತಿ ಕಡತವನ್ನು ಯಾರು ಬೇಕಾದರೂ ಶುಲ್ಕ ಕೊಟ್ಟು ತರಿಸಿಕೊಳ್ಳಬಹುದು. ಹಳೆಯ ವಿಮಾನವಿರುವ ಪ್ರತಿ ಕುಟುಂಬವೂ ಇದನ್ನು ತರಿಸಲೇಬೇಕು ಎನ್ನುತ್ತೇನೆ, ನೋಂದಣಿ ಸರಿಯಾಗಿದ್ದರೂ ಕೂಡ. ಕಾರ್ಖಾನೆಯಿಂದ ಹೊರಬಂದ ದಿನದಿಂದ ಯಾರು ಕೊಂಡರು, ಯಾರಿಗೆ ಮಾರಿದರು, ಯಾವ ಬ್ಯಾಂಕು ಸಾಲ ಕೊಟ್ಟಿತು, ಎಲ್ಲವೂ ಅದರಲ್ಲಿ ಸಿಗುತ್ತದೆ. ದೊಡ್ಡ ರಿಪೇರಿ ಮತ್ತು ಮಾರ್ಪಾಡುಗಳಿಗೆ 337 ಎಂಬ ನಮೂನೆಯಿದ್ದು, ಮೆಕ್ಯಾನಿಕ್ ಏನು ಮಾಡಿದ ಎಂಬುದನ್ನು ವಿವರವಾಗಿ ಬರೆದು ಸಹಿ ಹಾಕಿರುತ್ತಾನೆ. ಮುರಿದ ಮರದ ಆಧಾರಪಟ್ಟಿಯನ್ನು ಎಲ್ಲಿ ಬೆಸೆದರು, ರೆಕ್ಕೆಗೆ ಯಾವ ವರ್ಷ ಹೊಸ ಬಟ್ಟೆ ಹೊದಿಸಿದರು ಎಂಬುದು ಟೈಪ್‌ರೈಟರ್ ಅಕ್ಷರಗಳಲ್ಲಿ ಅಲ್ಲಿರುತ್ತದೆ. ಏರೋಂಕಾ ಚಾಂಪಿಯನ್ನಿನ ಒಡಲು ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳದು, ರೆಕ್ಕೆಯ ಆಧಾರ ಮರದ್ದು, ಮೇಲೆ ಬಟ್ಟೆಯ ಹೊದಿಕೆ. ಹಾಗಾಗಿ ಅದರ ಆಯುಷ್ಯದ ಕಥೆ ಇಂಥ ರಿಪೇರಿಗಳಲ್ಲಿಯೇ ಇದೆ. ಕಡತ ನೋಡುವಾಗ ಹಳೆಯ ಸಾಲದ ನಮೂದುಗಳನ್ನು ವಿಶೇಷವಾಗಿ ಗಮನಿಸಬೇಕು. ಎಂದೋ ತೀರಿದ ಸಾಲಕ್ಕೆ ಬಿಡುಗಡೆ ಪತ್ರ ದಾಖಲಾಗದೆ ಉಳಿದಿದ್ದರೆ ಮುಂದೆ ಮಾರುವ ಸಮಯದಲ್ಲಿ ಅದು ಕಾಲಿಗೆ ತೊಡರುತ್ತದೆ.

ಮಾಲಕರು ತೀರಿಕೊಂಡಿದ್ದರೆ ಎರಡು ದಾರಿಗಳು. ಉಯಿಲು ಇದ್ದು ನ್ಯಾಯಾಲಯ ನಿರ್ವಾಹಕರನ್ನು ನೇಮಿಸಿದ್ದರೆ, ಆ ನೇಮಕದ ದೃಢೀಕೃತ ಪ್ರತಿ ಮತ್ತು ನಿರ್ವಾಹಕರು ಸಹಿ ಮಾಡಿದ ಮಾರಾಟಪತ್ರ ಬೇಕು. ಹಾಗೆ ಯಾರೂ ನೇಮಕವಾಗಿರದಿದ್ದರೆ, ಕಾನೂನಿನ ಪ್ರಕಾರ ತಾನೇ ವಾರಸುದಾರ ಎಂದು ಅಫಿಡವಿಟ್ ಸಲ್ಲಿಸುವ ಅವಕಾಶವಿದೆ. ಇಲ್ಲಿ ನಮ್ಮವರು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಾರಸುದಾರರು ಯಾರು ಎಂಬುದನ್ನು ತೀರ್ಮಾನಿಸುವುದು ಅಲ್ಲಿನ ರಾಜ್ಯದ ಉತ್ತರಾಧಿಕಾರ ಕಾನೂನು. ತುಳುನಾಡಿನ ಅಳಿಯಸಂತಾನದ ಸಂಪ್ರದಾಯದಲ್ಲಿ ಮಾವನ ಆಸ್ತಿಗೂ ಅಳಿಯನಿಗೂ ಇರುವ ನಂಟು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಾಡಕಚೇರಿಯಿಂದ ಪಡೆದ ವಂಶವೃಕ್ಷವೂ ತಾನಾಗಿ ಹಕ್ಕು ಕೊಡುವುದಿಲ್ಲ. ಊರಿನಲ್ಲಿರುವ ಯಾರಾದರೂ ತಮ್ಮ ಪಾಲನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಬೇಕಾಗಿ ಬಂದರೆ, ನೋಟರಿ ಮಾಡಿಸಿ ಅಪೊಸ್ಟಿಲ್ ಮುದ್ರೆ, ಅಂದರೆ ಹೊರದೇಶದಲ್ಲಿ ದಾಖಲೆಗೆ ಮನ್ನಣೆ ಸಿಗಲು ಹಾಕುವ ಸರ್ಕಾರಿ ದೃಢೀಕರಣ, ಹಾಕಿಸುವುದು ಕ್ಷೇಮ. ಭಾರತ 2005ರಿಂದ ಅಪೊಸ್ಟಿಲ್ ಕುರಿತ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ.

ಹೆಸರಿನ ತೊಡಕನ್ನೂ ಹೇಳಬೇಕು. ನಮ್ಮಲ್ಲಿ ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಕೊನೆಗೆ ಶೆಣೈ, ಶೆಟ್ಟಿ, ಭಟ್, ಡಿಸೋಜ ಎಂದು ಬರೆಯುವುದು ರೂಢಿ. ಅಮೆರಿಕಕ್ಕೆ ಹೋದ ಮೇಲೆ ಆ ಮೊದಲಕ್ಷರಗಳು ಬಿಡಿಸಿಕೊಂಡು ಉದ್ದನೆಯ ಹೆಸರಾಗುತ್ತವೆ. ವಿಮಾನ ಕೊಂಡಾಗ ಒಂದು ಬಗೆ, ಪೌರತ್ವ ಬಂದಾಗ ಇನ್ನೊಂದು ಬಗೆ, ಮರಣ ಪ್ರಮಾಣಪತ್ರದಲ್ಲಿ ಮತ್ತೊಂದು ಬಗೆ ಆಗಿರುವುದುಂಟು. ಕಡತದ ಹೆಸರಿಗೂ ಹೊಸ ಕಾಗದದ ಹೆಸರಿಗೂ ತಾಳೆಯಾಗದಿದ್ದರೆ ಅರ್ಜಿ ಹಿಂದಕ್ಕೆ ಬರುತ್ತದೆ. ಈ ಹೆಸರುಗಳೆಲ್ಲ ಒಬ್ಬರದೇ ಎಂದು ಹೇಳುವ ಅಫಿಡವಿಟ್ಟನ್ನು ಮೊದಲ ಸಲವೇ ಸೇರಿಸಿಬಿಟ್ಟರೆ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಯಾರ ಹೆಸರಿಗೆ ನೋಂದಣಿಯಾಗಬಹುದು ಎಂಬುದಕ್ಕೂ ಮಿತಿಯಿದೆ. ಅಮೆರಿಕದ ಪೌರರು ಮತ್ತು ಅಲ್ಲಿನ ಕಾಯಂ ನಿವಾಸಿಗಳು ನೇರವಾಗಿ ಅರ್ಹರು. ಉಡುಪಿಯಲ್ಲಿರುವ ಭಾರತೀಯ ಪೌರನಾದ ನಾನು ಅರ್ಹನಲ್ಲ. ಪ್ರೀತಿಗಾಗಿ ಜಂಟಿ ಮಾಲಕನಾಗಿ ಸೇರಿಕೊಂಡರೆ ಇಡೀ ಅರ್ಜಿಯೇ ಬೀಳುತ್ತದೆ, ಯಾಕೆಂದರೆ ಜಂಟಿ ಮಾಲಕರೆಲ್ಲರೂ ಅರ್ಹರಾಗಿರಬೇಕು. ಅಮೆರಿಕದ ಪೌರರೊಬ್ಬರು ಟ್ರಸ್ಟಿಯಾಗಿರುವ ಟ್ರಸ್ಟಿನ ಮೂಲಕ ವಿದೇಶಿಯರು ವಿಮಾನ ಇಟ್ಟುಕೊಳ್ಳುವ ವ್ಯವಸ್ಥೆ ಇದ್ದರೂ, 65 ಅಶ್ವಶಕ್ತಿಯ ಪುಟ್ಟ ವಿಮಾನಕ್ಕೆ ಅಷ್ಟು ಖರ್ಚು ಹೊರೆ. ನಮ್ಮ ಮನೆಯಲ್ಲಿ ಮಾವನ ಮಗಳ ಹೆಸರು ಮಾತ್ರ ಇರಲಿ ಎಂದು ಎಲ್ಲರೂ ಒಪ್ಪಿದ್ದೇವೆ.

ಇಷ್ಟು ಸಿದ್ಧವಾದ ಮೇಲೆ ಸಂಖ್ಯೆಯ ಸರದಿ. ಅವಧಿ ಮುಗಿದಿದ್ದರೂ ಸಂಖ್ಯೆಯನ್ನು ಇನ್ನೂ ರದ್ದು ಮಾಡಿರದಿದ್ದರೆ ಕೆಲಸ ಸುಲಭ: 8050-1 ಎಂಬ ನೋಂದಣಿ ಅರ್ಜಿಯನ್ನು ತಡಮಾಡದೆ ಸಲ್ಲಿಸಬೇಕು. ದಶಕಗಳಿಂದ ಇದರ ಶುಲ್ಕ ಕೇವಲ 5 ಡಾಲರ್. ರದ್ದಾಗಿದ್ದರೆ, ಆ ದಿನದಿಂದ ಐದು ವರ್ಷ ಆ ಸಂಖ್ಯೆಯನ್ನು ಬೇರೆಯವರಿಗೆ ಕೊಡದೆ ತಡೆಹಿಡಿಯುತ್ತಾರೆ. ಈ ಐದು ವರ್ಷವೇ ಕುಟುಂಬಕ್ಕಿರುವ ರಕ್ಷಣೆ. ನೋಂದಣಿ ಅರ್ಜಿಯ ಜೊತೆಗೆ, ಇದೇ ಕ್ರಮಸಂಖ್ಯೆಯ ವಿಮಾನಕ್ಕೆ ಅದರ ಹಳೆಯ ಸಂಖ್ಯೆಯನ್ನೇ ಮತ್ತೆ ಕೊಡಬೇಕೆಂದು ಪತ್ರ ಬರೆದು, ವಿಶೇಷ ಸಂಖ್ಯೆಯ ಶುಲ್ಕವಾದ 10 ಡಾಲರ್ ಕಟ್ಟಬೇಕು. ಪತ್ರದಲ್ಲಿ ಭಾವನೆಗಳನ್ನು ಬರೆಯುವ ಅಗತ್ಯವಿಲ್ಲ. ತಯಾರಕರು, ಮಾದರಿ, ಕ್ರಮಸಂಖ್ಯೆ, ಹಳೆಯ ಎನ್-ಸಂಖ್ಯೆ, ರದ್ದಾದ ದಿನಾಂಕ, ಸಹಿ, ಸಹಿಯ ಕೆಳಗೆ ಸ್ಪಷ್ಟವಾಗಿ ಬರೆದ ಹೆಸರು, ಇಷ್ಟಿದ್ದರೆ ಸಾಕು.

ಐದು ವರ್ಷ ದಾಟಿದರೆ ಸಂಖ್ಯೆ ಎಲ್ಲರಿಗೂ ಮುಕ್ತ. ಯಾರೂ ಕೈಹಾಕಿರದಿದ್ದರೆ ಆ ದಿನವೇ 10 ಡಾಲರ್ ಕಟ್ಟಿ ಕಾಯ್ದಿರಿಸಿಬಿಡಬೇಕು. ಕಾಯ್ದಿರಿಸಿದ್ದು ಒಂದು ವರ್ಷ ಉಳಿಯುತ್ತದೆ, ಮತ್ತೆ ಶುಲ್ಕ ಕಟ್ಟಿ ಮುಂದುವರಿಸಬಹುದು. ಮಾಲಕತ್ವದ ಕಾಗದಗಳು ಇನ್ನೂ ಕೂಡಿಬಂದಿಲ್ಲ ಎನ್ನುವವರಿಗೆ ಇದು ದೊಡ್ಡ ಆಸರೆ. ಬೇರೆ ಯಾರೋ ಕಾಯ್ದಿರಿಸಿದ್ದರೆ, ಅವರು ಒಪ್ಪಿ ಬಿಟ್ಟುಕೊಡುವ ಪತ್ರ ಬರೆದುಕೊಟ್ಟರೆ ನಮಗೆ ಬರುತ್ತದೆ. ಈಗಾಗಲೇ ಬೇರೆ ವಿಮಾನದ ಮೈಮೇಲೆ ಇದ್ದರೆ ಆ ಮಾಲಕರ ಮನವೊಲಿಸುವುದೊಂದೇ ಉಳಿದಿರುವ ಮಾರ್ಗ. ಅವರು ತಮ್ಮ ವಿಮಾನಕ್ಕೆ ಬೇರೆ ಸಂಖ್ಯೆ ಪಡೆದು, ಹೊಸದಾಗಿ ಬಣ್ಣ ಬರೆಸಿ, ಕಾಗದಗಳನ್ನೆಲ್ಲ ಬದಲಿಸಿಕೊಳ್ಳಬೇಕಾಗುತ್ತದೆ. ಆ ಖರ್ಚನ್ನು ನಾವೇ ಭರಿಸುತ್ತೇವೆಂದು ಹೇಳಿ, ವಿಮಾನದ ಹಳೆಯ ಫೋಟೊ ಇಟ್ಟು, ಸೌಜನ್ಯದಿಂದ ಒಂದು ಪತ್ರ ಬರೆಯುವುದು ಒಳ್ಳೆಯದು. ಒಪ್ಪದಿದ್ದರೆ ಅದು ಅವರ ಹಕ್ಕು. ಆಗ ಹತ್ತಿರದ ಸಂಖ್ಯೆಯೊಂದನ್ನು ಆರಿಸಿಕೊಳ್ಳಬೇಕು. ಹಳೆಯದರಲ್ಲಿ ಐದು ಅಂಕಿಗಳಿದ್ದರೆ ಕೊನೆಗೆ ಅಕ್ಷರ ಸೇರಿಸಲು ಜಾಗವಿಲ್ಲ. ಒಂದು ಅಂಕಿಯನ್ನು ಬಿಟ್ಟೇ ಅಕ್ಷರ ಹಾಕಬೇಕು.

ಸಿಗದ ಸಂಖ್ಯೆಯನ್ನು ನೆನಪಿಗಾಗಿ ಬರೆಸಿಕೊಳ್ಳಬಹುದಲ್ಲವೇ ಎಂದು ನಮ್ಮ ಮನೆಯಲ್ಲಿ ಹಿರಿಯರೊಬ್ಬರು ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ‘ಪರಶುರಾಮ’. ಬ್ರಿಟನ್ನಿನಲ್ಲಿ ದುರಸ್ತಿಯಾಗಿ 2018ರ ಮೇ ತಿಂಗಳಲ್ಲಿ ನಮ್ಮ ವಾಯುಪಡೆಯನ್ನು ಸೇರಿದ ಆ ಡಕೋಟಾ ವಿಮಾನದ ಮೇಲೆ ‘ವಿಪಿ 905’ ಎಂದಿದೆ. ಅದು 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಬೇರೊಂದು ಡಕೋಟಾದ ಸಂಖ್ಯೆ, ಗೌರವಾರ್ಥವಾಗಿ ಇದಕ್ಕೆ ಕೊಟ್ಟದ್ದು. ಪರಶುರಾಮ ಸೃಷ್ಟಿಯ ನಾಡಿನವರಾದ ನಮಗೆ ಆ ಹೆಸರು ಕೇಳಿದರೇ ಹೆಮ್ಮೆ. ಆದರೆ ಅದು ಸೇನೆಯ ವ್ಯವಸ್ಥೆ. ನಾಗರಿಕ ವಿಮಾನದ ಮೇಲೆ ನೋಂದಣಿ ಸಂಖ್ಯೆಯನ್ನು ಗೊಂದಲಗೊಳಿಸುವ ಇನ್ನಾವುದೇ ಗುರುತು ಇರಕೂಡದು. ರೆಕ್ಕೆಯ ಹಳೆಯ ಬಟ್ಟೆಯನ್ನು ಬಿಚ್ಚುವಾಗ ಸಂಖ್ಯೆಯಿರುವ ತುಂಡನ್ನು ಜೋಪಾನವಾಗಿ ಕತ್ತರಿಸಿ ಚೌಕಟ್ಟು ಹಾಕಿಸಿಟ್ಟುಕೊಳ್ಳಬಹುದು.

ಹಳೆಯ ಸಂಖ್ಯೆ ಸಿಕ್ಕಿತೆಂದರೆ ಮಾತ್ರ ಒಂದು ಸೊಗಸಾದ ಅವಕಾಶವಿದೆ. 1940ರ ದಶಕದ ಫೋಟೊಗಳಲ್ಲಿ ಅಮೆರಿಕದ ವಿಮಾನಗಳ ಮೇಲೆ ‘ಎನ್‌ಸಿ’ ಎಂಬ ಎರಡು ಅಕ್ಷರಗಳಿರುತ್ತವೆ. ‘ಸಿ’ ವಾಣಿಜ್ಯ ವರ್ಗದ ಗುರುತಾಗಿತ್ತು, 1948ರ ಕೊನೆಗೆ ಅದು ಬಿಟ್ಟುಹೋಯಿತು. ಕನಿಷ್ಠ 30 ವರ್ಷ ಹಿಂದೆ ತಯಾರಾದ ಸಣ್ಣ ವಿಮಾನಗಳಿಗೆ ಇಂದಿಗೂ ಈ ಹಳೆಯ ರೀತಿಯಲ್ಲಿ ಬರೆಸಿಕೊಳ್ಳಲು ನಿಯಮ ಅನುಮತಿ ಕೊಡುತ್ತದೆ. ಸಾಮಾನ್ಯವಾಗಿ ಅಕ್ಷರಗಳು 12 ಅಂಗುಲ ಎತ್ತರ ಇರಬೇಕಾದಲ್ಲಿ ಇವಕ್ಕೆ 2 ಅಂಗುಲ ಸಾಕು. ಉಡುಪಿಯ ಚಾವಡಿಯ ಗೋಡೆಯ ಮೇಲಿರುವ ಫೋಟೊದಲ್ಲಿ ವಿಮಾನ ಹೇಗಿದೆಯೋ ಹಾಗೆಯೇ ಅದನ್ನು ಕಾನೂನುಬದ್ಧವಾಗಿ ಸಿಂಗರಿಸಬಹುದು.

ನೋಂದಣಿ ಬಂದ ಮಾತ್ರಕ್ಕೆ ಹಾರಬಹುದೆಂದು ಅರ್ಥವಲ್ಲ. ಹಾರಾಟದ ಯೋಗ್ಯತಾಪತ್ರ ಬೇರೆ. ವಿಮಾನ ನೋಂದಣಿಯಲ್ಲಿದ್ದು ಕ್ರಮಬದ್ಧವಾಗಿ ನಿರ್ವಹಣೆಯಾಗುತ್ತಿದ್ದರೆ ಮಾತ್ರ ಅದು ಊರ್ಜಿತ. ವರ್ಷಗಟ್ಟಲೆ ನಿಂತ ಎಂಜಿನ್ನು, ಬಟ್ಟೆ, ಮರ ಎಲ್ಲವನ್ನೂ ಅರ್ಹ ಮೆಕ್ಯಾನಿಕ್ ಪರೀಕ್ಷಿಸಿ ವಾರ್ಷಿಕ ತಪಾಸಣೆಯ ಸಹಿ ಹಾಕಬೇಕು. ಸಂಖ್ಯೆ ಬದಲಾದರೆ ಯೋಗ್ಯತಾಪತ್ರವನ್ನೂ ಹೊಸ ಸಂಖ್ಯೆಗೆ ಬರೆಸಿಕೊಳ್ಳಬೇಕಾಗುತ್ತದೆ; ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಲು ಶ್ರಮಪಡುವುದಕ್ಕೆ ಇದೂ ಒಂದು ವ್ಯಾವಹಾರಿಕ ಕಾರಣ.

ವಿಮಾನವನ್ನು ಊರಿಗೇ ತರಬಾರದೇ ಎಂಬ ಪ್ರಶ್ನೆಯೂ ಬಂದಿದೆ. 1951ರ ಡಿಸೆಂಬರ್ 25ರಂದು ನೆಹರೂ ಅವರು ಡಕೋಟಾದಲ್ಲಿ ಬಂದಿಳಿದು ಆರಂಭವಾದ ಬಜ್ಪೆಯ ನಿಲ್ದಾಣಕ್ಕಿಂತ ಮಾವನ ವಿಮಾನ ಐದು ವರ್ಷ ಹಿರಿಯದು. ಅದು ಇಲ್ಲಿ ಇಳಿಯುವುದನ್ನು ನೋಡುವ ಆಸೆ ನನಗೂ ಇದೆ. ಆದರೆ ಇಲ್ಲಿ ನೋಂದಾಯಿಸಬೇಕಾದರೆ ಮೊದಲು ಅಮೆರಿಕದ ನೋಂದಣಿಯನ್ನು ಬಿಟ್ಟುಕೊಡಬೇಕು, ನಮ್ಮ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯಿಂದ ಹೊಸದಾಗಿ ‘ವಿಟಿ’ ಗುರುತು ಪಡೆಯಬೇಕು. ಅಂದರೆ ಯಾವ ಸಂಖ್ಯೆಗಾಗಿ ಇಷ್ಟೆಲ್ಲ ಓಡಾಟವೋ ಅದೇ ಕೈಬಿಟ್ಟುಹೋಗುತ್ತದೆ. ಅದು ಹುಟ್ಟಿದ್ದು ಒಹಾಯೊದ ಮಿಡ್ಲ್‌ಟೌನ್ ಊರಿನ ಕಾರ್ಖಾನೆಯಲ್ಲಿ. ಆ ರಾಜ್ಯದಲ್ಲಿಯೇ, ಆ ಸಂಖ್ಯೆಯಲ್ಲಿಯೇ ಹಾರಲಿ ಎಂಬುದು ನನ್ನ ಅಭಿಪ್ರಾಯ.

ಹೊಸ ಪ್ರಮಾಣಪತ್ರ ಕೈಗೆ ಬಂದ ದಿನವೇ ಮಾಡಬೇಕಾದ ಕೆಲಸಗಳಿವೆ. ಅದನ್ನು ವಿಮಾನದಲ್ಲಿ ಇಡಬೇಕು, ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಏಳು ವರ್ಷದ ಮುಕ್ತಾಯ ದಿನಾಂಕವನ್ನು ಕುಟುಂಬದ ಇಬ್ಬರಾದರೂ ಬರೆದಿಟ್ಟುಕೊಳ್ಳಬೇಕು, ಅದರಲ್ಲಿ ಒಬ್ಬರು ಕಿರಿಯರಾಗಿರಲಿ. ಮಾಲಕರು ಉಯಿಲಿನಲ್ಲಿ ವಿಮಾನವನ್ನು ಕ್ರಮಸಂಖ್ಯೆಯ ಸಮೇತ ಹೆಸರಿಸಿ, ಅದು ಯಾರಿಗೆ ಸೇರಬೇಕೆಂದು ಸ್ಪಷ್ಟವಾಗಿ ಬರೆಯಬೇಕು. ಮಾವನ ಮಗಳು ಆ ಉಯಿಲಿನ ಕರಡನ್ನು ಈಗಾಗಲೇ ವಕೀಲರಿಗೆ ಕೊಟ್ಟಿದ್ದಾಳೆ.